ಓಪಿಯಾಯ್ಡ್ ನೋವಿನ ಮಾತ್ರೆ ಬಿಡುವಾಗ: ಡೋಸ್ ಇಳಿಸುವ ಲೆಕ್ಕ, ಬೇಧಿ, ಕಾಲಿನ ಚಡಪಡಿಕೆ, ನಿದ್ದೆ

ಮೆಲ್ಲನಡೆ
ಟ್ರಮಡಾಲ್ 50 ಮಿ.ಗ್ರಾಂ. ಕ್ಯಾಪ್ಸೂಲ್, ದಿನಕ್ಕೆ ನಾಲ್ಕು, ಎರಡು ವರ್ಷದಿಂದ. ನಿಲ್ಲಿಸಲು ಡಾಕ್ಟರ್ ಒಪ್ಪಿದ್ದಾರೆ, "ನಿಧಾನವಾಗಿ ಕಡಿಮೆ ಮಾಡಿ" ಎಂದಿದ್ದಾರೆ. ನಿಧಾನ ಅಂದರೆ ಎಷ್ಟು? ವಾರಕ್ಕೊಂದು ಕ್ಯಾಪ್ಸೂಲ್ ಬಿಟ್ಟರೆ ಒಂದು ತಿಂಗಳಲ್ಲಿ ಮುಗಿಯುತ್ತದಲ್ಲ, ಅದು ಸರಿಯೇ?

ನೋವುವಿಭಾಗ
ಎರಡು ವರ್ಷದ ಮಾತ್ರೆಗೆ ಒಂದು ತಿಂಗಳು ಸಾಲದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇ. 10, ಬೇಕಾದರೆ ಅದಕ್ಕಿಂತಲೂ ನಿಧಾನ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿಯಲ್ಲಿ ಹೇಳಿರುವುದು ಇದನ್ನೇ. ಕೆಲವು ವಾರ, ಕೆಲವು ತಿಂಗಳು ಮಾತ್ರ ತೆಗೆದುಕೊಂಡವರು ವಾರಕ್ಕೆ ಮೂಲ ಡೋಸಿನ ಶೇ. 10 ಇಳಿಸಬಹುದು. ಮೂಲದ ಶೇ. 30ಕ್ಕೆ ಬಂದ ಮೇಲೆ, ಉಳಿದದ್ದರ ಶೇ. 10 ಲೆಕ್ಕ ಹಿಡಿಯಬೇಕು.

ಯಾಕೆ ಇಷ್ಟು ತಾಳ್ಮೆ ಎಂದರೆ, ಮಿದುಳಿನ ಕಾಂಡದಲ್ಲಿ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ಭಾಗವಿದೆ. ನೋರ್‌ಅಡ್ರಿನಲಿನ್ ಎಂಬ, ದೇಹವನ್ನು ಎಚ್ಚರದಲ್ಲಿಡುವ ರಾಸಾಯನಿಕ ಹೆಚ್ಚಾಗಿ ಹೊರಡುವುದು ಅಲ್ಲಿಂದ. ಓಪಿಯಾಯ್ಡ್ (ಅಫೀಮಿನ ಜಾತಿಯ ನೋವಿನ ಔಷಧ, ಟ್ರಮಡಾಲ್ ಅದರಲ್ಲೊಂದು) ಅದನ್ನು ಅದುಮಿ ಹಿಡಿಯುತ್ತದೆ. ದಿನಗಟ್ಟಲೆ ಅದುಮಿದರೆ ಆ ಜೀವಕೋಶಗಳು ಅದಕ್ಕೆ ಹೊಂದಿಕೊಂಡು ಹೆಚ್ಚು ಬಲ ಹಾಕತೊಡಗುತ್ತವೆ. ಮಾತ್ರೆ ಒಮ್ಮೆಲೇ ತೆಗೆದರೆ ಅದುಮುವ ಕೈ ಇಲ್ಲ, ಆ ಹೆಚ್ಚಿನ ಬಲ ಮಾತ್ರ ಉಳಿಯಿತು. ಬೆವರು, ಎದೆಬಡಿತ, ಅಗಲವಾದ ಕಣ್ಣಪಾಪೆ, ಮೈನವಿರೇಳುವುದು, ನಿದ್ದೆ ಹತ್ತದಿರುವುದು ಎಲ್ಲ ಅದರದೇ. ಕರುಳಿನಲ್ಲೂ ಇದೇ ಕಥೆ: ಇಷ್ಟು ದಿನ ಮಲಬದ್ಧತೆ, ಈಗ ಬೇಧಿ. ದೇಹಕ್ಕೆ ಹಿಂದಿರುಗಲು ಸಮಯ ಬೇಕು, ಆ ಸಮಯ ಕೊಡುವುದೇ ಡೋಸ್ ಇಳಿಸುವುದರ ಅರ್ಥ.

ಇನ್ನೊಂದು ಮಾತು. ಇದು ದೈಹಿಕ ಅವಲಂಬನೆ, ಚಟವಲ್ಲ. ಡಾಕ್ಟರ್ ಬರೆದಂತೆಯೇ ನುಂಗಿದವರಿಗೂ ಬರುತ್ತದೆ. ನಾಚಿಕೊಂಡು ಯಾರಿಗೂ ಹೇಳದೆ ಒಬ್ಬರೇ ಒದ್ದಾಡುವವರು ತುಂಬ ಜನ ಇದ್ದಾರೆ, ಅದಕ್ಕೇ ಇದನ್ನು ಮೊದಲೇ ಬರೆಯುತ್ತಿದ್ದೇನೆ.

ಔಷಧಪೆಟ್ಟಿಗೆ
ಲೆಕ್ಕದ ಭಾಗ ನಾನು ಹೇಳುತ್ತೇನೆ, ಜನ ಎಡವುವುದು ಇಲ್ಲೇ.

200ರಿಂದ 150ಕ್ಕೆ ಬರುವುದು ಶೇ. 25 ಇಳಿಕೆ. 150ರಿಂದ 100 ಎಂದರೆ ಶೇ. 33. 100ರಿಂದ 50 ಎಂದರೆ ಅರ್ಧಕ್ಕರ್ಧ. ಕೊನೆಯ ಕ್ಯಾಪ್ಸೂಲ್ ಬಿಡುವುದು ಶೇ. 100. ಪ್ರತಿ ಸಲ ಬಿಟ್ಟದ್ದು ಒಂದೇ ಕ್ಯಾಪ್ಸೂಲ್, ದೇಹಕ್ಕೆ ಬಿದ್ದ ಪೆಟ್ಟು ಮಾತ್ರ ಸಲಸಲಕ್ಕೂ ದೊಡ್ಡದು. "ಮೊದಲೆರಡು ಸಲೀಸಾಗಿ ಹೋಯಿತು, ಕೊನೆಯದು ಬಿಡಲಾಗುತ್ತಿಲ್ಲ" ಎನ್ನುವವರ ಕಷ್ಟಕ್ಕೆ ಕಾರಣ ಈ ಅಂಕಗಣಿತ. ಅವರ ಮನೋಬಲ ಕಡಿಮೆಯಾದದ್ದಲ್ಲ.

ಹಾಗಾಗಿ ಸಣ್ಣ ಅಳತೆ ಸಿಗುವ ರೂಪ ಬೇಕು. ಟ್ರಮಡಾಲ್ ಹನಿ ಔಷಧವಾಗಿಯೂ ಬರುತ್ತದೆ, ಮಿ.ಲೀ.ಗೆ 100 ಮಿ.ಗ್ರಾಂ. ಅದರ 0.1 ಮಿ.ಲೀ. ಎಂದರೆ 10 ಮಿ.ಗ್ರಾಂ. ಸೂಜಿಯಿಲ್ಲದ 1 ಮಿ.ಲೀ. ಸಿರಿಂಜಿನಲ್ಲಿ ಅಳೆಯಿರಿ. ಎಚ್ಚರ: ಮಿ.ಲೀ.ಗೆ 10 ಮಿ.ಗ್ರಾಂ. ಮಾತ್ರ ಇರುವ ದ್ರಾವಣವೂ ಇದೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಡೋಸ್ ಹತ್ತು ಪಟ್ಟು ತಪ್ಪುತ್ತದೆ. ಬಾಟಲಿ ಬದಲಾದಾಗಲೆಲ್ಲ ಲೇಬಲ್ ಓದಿ.

ಡಾಕ್ಟರ್ ಹನಿ ಬರೆದುಕೊಟ್ಟರೆ ಲೆಕ್ಕ ಹೀಗೆ ನಡೆಯುತ್ತದೆ. ಮೊದಲ ತಿಂಗಳು ಮೂರು ಕ್ಯಾಪ್ಸೂಲ್, ನಾಲ್ಕನೆಯದರ ಜಾಗದಲ್ಲಿ 0.3 ಮಿ.ಲೀ., ಒಟ್ಟು 180. ಎರಡನೇ ತಿಂಗಳು ಮೂರು ಕ್ಯಾಪ್ಸೂಲ್, 0.1 ಮಿ.ಲೀ., ಒಟ್ಟು 160. ಮೂರನೆಯದು ಎರಡು ಕ್ಯಾಪ್ಸೂಲ್, 0.45 ಮಿ.ಲೀ., ಒಟ್ಟು 145. ಹೀಗೆ ಇಳಿಯುತ್ತ 50 ತಲುಪಿದ ಮೇಲೆ ಒಂದು ಸಲಕ್ಕೆ ಇಳಿಸುವುದು 5 ಮಿ.ಗ್ರಾಂ., ಅಂದರೆ 0.05 ಮಿ.ಲೀ. ಮಾತ್ರ.

ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದು ಬರೆದ ಮಾತ್ರೆಗಳನ್ನು ಮುರಿಯಬೇಡಿ, ಪುಡಿ ಮಾಡಬೇಡಿ. ಹನ್ನೆರಡು ಅಥವಾ ಇಪ್ಪತ್ನಾಲ್ಕು ತಾಸಿನಲ್ಲಿ ಬಿಡುಗಡೆಯಾಗಬೇಕಾದದ್ದು ಒಮ್ಮೆಲೇ ರಕ್ತಕ್ಕೆ ಸೇರಿ ಉಸಿರಾಟ ನಿಲ್ಲಬಹುದು. ಟ್ರಮಡಾಲ್ ಜೊತೆ ಪ್ಯಾರಸಿಟಮಾಲ್ ಸೇರಿದ ಮಾತ್ರೆ ಇದ್ದರೆ (ಸಾಮಾನ್ಯವಾಗಿ 37.5 + 325) ಪ್ಯಾರಸಿಟಮಾಲ್ ಬೇರೆಯಾಗಿ ನುಂಗುವಾಗ ಅದನ್ನೂ ಕೂಡಿಸಿ. ಎಲ್ಲ ಸೇರಿ ದಿನಕ್ಕೆ 4 ಗ್ರಾಂ ಮೇಲಿನ ಮಿತಿ. ಲಿವರ್ ತೊಂದರೆ ಇದ್ದವರಿಗೆ, ತೂಕ ಕಡಿಮೆ ಇರುವವರಿಗೆ ಅದಕ್ಕಿಂತ ಕಡಿಮೆ.

ಮೆಲ್ಲನಡೆ
ತುಂಬ ಉಪಯೋಗವಾಯಿತು. ಎರಡು ಸಂದೇಹ. ದಿನದ ಯಾವ ಹೊತ್ತಿನದು ಮೊದಲು ಇಳಿಸಬೇಕು? ದಿನ ಬಿಟ್ಟು ದಿನ ತೆಗೆದುಕೊಂಡರೆ ಸುಲಭವಲ್ಲವೇ? ಮತ್ತೆ ನೋವು ಹೆಚ್ಚಾದರೆ ಅದು ಹಳೆಯ ಬೆನ್ನುನೋವೋ, ಮಾತ್ರೆ ಇಳಿಸಿದ್ದರಿಂದ ಬಂದದ್ದೋ, ತಿಳಿಯುವುದು ಹೇಗೆ?

ನೋವುವಿಭಾಗ
ಎರಡು ಎಂದು ಮೂರು ಕೇಳಿದ್ದೀರಿ, ಮೂರೂ ಬೇಕಾದವೇ.

ಮಧ್ಯಾಹ್ನದ್ದನ್ನು ಮೊದಲು ಇಳಿಸಿ. ಬೆಳಗಿನದು ನಂತರ, ರಾತ್ರಿಯದು ಕೊನೆಗೆ. ನಿದ್ದೆ ಕೆಟ್ಟರೆ ಉಳಿದದ್ದೆಲ್ಲ ಎರಡರಷ್ಟು ಕಾಣುತ್ತದೆ.

ದಿನ ಬಿಟ್ಟು ದಿನ ಬೇಡ. ಟ್ರಮಡಾಲಿನ ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕಿಳಿಯಲು ಬೇಕಾದ ಹೊತ್ತು) ಸುಮಾರು 6 ತಾಸು. ನಡುವಿನ ದಿನ ಪೂರ್ತಿ ಔಷಧ ನಿಂತಾಗಿನ ಸಂಕಟ, ಅಂದರೆ ವಿತ್‌ಡ್ರಾಯಲ್, ಮರುದಿನ ಪೂರ್ತಿ ಡೋಸ್. ದೇಹವನ್ನು ಬೆಟ್ಟ ಹತ್ತಿಸಿ ಇಳಿಸಿ ಮಾಡಿದ ಹಾಗೆ. ತೀರ ಸಣ್ಣ ಡೋಸಿಗೆ ಬಂದ ಮೇಲೆ ಮಾತ್ರ ಎರಡು ಡೋಸಿನ ನಡುವಿನ ಅಂತರ ಹಿಗ್ಗಿಸಬಹುದು.

ವಿತ್‌ಡ್ರಾಯಲ್ ನೋವು ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಮೂಳೆ, ಕೀಲು, ಸ್ನಾಯು ಎಲ್ಲ ಕಡೆ ಫ್ಲೂ ಬಂದಂತೆ ನೋಯುತ್ತದೆ. ಜೊತೆಗೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಚಳಿ. ಡೋಸ್ ಇಳಿಸಿದ ಒಂದರಿಂದ ಮೂರು ದಿನದಲ್ಲಿ ಕಾಣಿಸಿಕೊಂಡು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ಹಳೆಯ ನೋವು ಹಳೆಯ ಜಾಗದಲ್ಲೇ, ಹಳೆಯ ರೀತಿಯಲ್ಲೇ ಬರುತ್ತದೆ, ಕೂತಾಗ ಬಾಗಿದಾಗ ಬದಲಾಗುತ್ತದೆ. ಇಳಿಸಿದ ದಿನಾಂಕ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ನಿದ್ದೆಯ ತಾಸು, ಇಷ್ಟು ಬರೆದಿಟ್ಟರೆ ಒಂದು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ. ಬಹಳ ಕಾಲ ಓಪಿಯಾಯ್ಡ್ ತೆಗೆದುಕೊಂಡರೆ ಕೆಲವರಲ್ಲಿ ನೋವಿನ ಸೂಕ್ಷ್ಮತೆಯೇ ಹೆಚ್ಚುತ್ತದೆ. ಅಂಥವರಿಗೆ ಪೂರ್ತಿ ಬಿಟ್ಟ ಮೇಲೆ ನೋವು ಮೊದಲಿಗಿಂತ ಕಡಿಮೆಯಾಗುವುದೂ ಉಂಟು.

ಟ್ರಮಡಾಲ್ ವಿಷಯದಲ್ಲಿ ಒಂದು ವಿಶೇಷವಿದೆ. ಅದು ಓಪಿಯಾಯ್ಡ್ ಅಷ್ಟೇ ಅಲ್ಲ, ಖಿನ್ನತೆಯ ಕೆಲವು ಔಷಧಗಳ ಹಾಗೆ ಮಿದುಳಿನ ರಾಸಾಯನಿಕಗಳಾದ ಸೆರೊಟೋನಿನ್, ನೋರ್‌ಅಡ್ರಿನಲಿನ್ ಮೇಲೂ ಕೆಲಸ ಮಾಡುತ್ತದೆ. ಹಾಗಾಗಿ ಬಿಡುವಾಗ ಕೆಲವರಿಗೆ ತಲೆಯಲ್ಲಿ ಕರೆಂಟ್ ಹೊಡೆದಂತೆ ಆಗುವುದು, ಕೈಕಾಲು ಜುಮ್ಮೆನ್ನುವುದು, ವಿಪರೀತ ಗಾಬರಿ, ಅಪರೂಪಕ್ಕೆ ಇಲ್ಲದ್ದು ಕಾಣುವುದು, ಗೊಂದಲ ಬರುತ್ತವೆ. ಗೊಂದಲ ಅಥವಾ ಭ್ರಮೆ ಕಂಡರೆ ಆ ದಿನವೇ ಡಾಕ್ಟರಿಗೆ ತಿಳಿಸಿ.

ಔಷಧಪೆಟ್ಟಿಗೆ
ಇದಕ್ಕೆ ಸೇರಿಸಬೇಕಾದದ್ದು: ಟ್ರಮಡಾಲ್ ಕೆಲಸ ಮಾಡಲು ಲಿವರಿನ ಸಿವೈಪಿ2ಡಿ6 ಎಂಬ ಕಿಣ್ವ ಬೇಕು. ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್, ಬುಪ್ರೋಪಿಯಾನ್ ಅದನ್ನು ತಡೆಯುತ್ತವೆ. ಮನಸ್ಸು ಕುಗ್ಗಿದೆ ಎಂದು ನಡುವೆ ಇವುಗಳಲ್ಲಿ ಒಂದನ್ನು ಶುರು ಮಾಡಿದರೆ, ಟ್ರಮಡಾಲ್ ಡೋಸ್ ಇಳಿಸದೆಯೇ ವಿತ್‌ಡ್ರಾಯಲ್ ಶುರುವಾಗಬಹುದು. ಫಿಟ್ಸ್ ಮತ್ತು ಸೆರೊಟೋನಿನ್ ಸಿಂಡ್ರೋಮ್ (ಸೆರೊಟೋನಿನ್ ಅತಿಯಾಗಿ ಏರುವ ಸ್ಥಿತಿ) ಅಪಾಯವೂ ಏರುತ್ತದೆ. ಹೊಸ ಚೀಟಿ ಯಾರೇ ಬರೆದರೂ ಟ್ರಮಡಾಲ್ ನಡೆಯುತ್ತಿದೆ ಎಂದು ಬಾಯಿಬಿಟ್ಟು ಹೇಳಿ.

ಇರುಳುಪಾಳಿ
ಎಷ್ಟೇ ನಿಧಾನವಾಗಿ ಇಳಿಸಿದರೂ ಕೆಲವು ದಿನ ಕಷ್ಟವಾಗುತ್ತದೆ. ಯಾವಾಗ ಏನು ಬರುತ್ತದೆ, ಏನು ಮಾಡಬೇಕು ಎಂಬುದು ಇಲ್ಲಿದೆ.

ಬೇಗ ಇಳಿಯುವ ಔಷಧ (ಸಾಮಾನ್ಯ ಮಾರ್ಫಿನ್, ಆಕ್ಸಿಕೊಡೋನ್, ಕೊಡೀನ್, ಟ್ರಮಡಾಲ್) ನಿಂತರೆ 8ರಿಂದ 24 ತಾಸಿನಲ್ಲಿ ಶುರು. ಎರಡು ಮೂರನೇ ದಿನ ಅತಿ ಹೆಚ್ಚು. 4ರಿಂದ 10 ದಿನದಲ್ಲಿ ದೊಡ್ಡ ಅಲೆ ಕಳೆಯುತ್ತದೆ. ಮೆಥಡೋನ್ (ದೀರ್ಘಕಾಲ ಕೆಲಸ ಮಾಡುವ ಓಪಿಯಾಯ್ಡ್) ಆದರೆ ತಡವಾಗಿ ಶುರುವಾಗಿ 10ರಿಂದ 20 ದಿನ ಎಳೆಯುತ್ತದೆ. ಆಮೇಲೂ ನಿದ್ದೆ, ಉತ್ಸಾಹ ಪೂರ್ತಿ ಮರಳಲು ವಾರಗಳಿಂದ ತಿಂಗಳುಗಳು ಹಿಡಿಯಬಹುದು.

ತೀವ್ರತೆ ಅಳೆಯಲು ಆಸ್ಪತ್ರೆಗಳಲ್ಲಿ ಕೌಸ್ ಎಂಬ ಪಟ್ಟಿ ಬಳಸುತ್ತಾರೆ. ನಾಡಿ, ಬೆವರು, ಕಣ್ಣಪಾಪೆ, ನಡುಕ, ಆಕಳಿಕೆ ಹೀಗೆ 11 ಅಂಶ. 5ರಿಂದ 12 ಸೌಮ್ಯ, 13ರಿಂದ 24 ಮಧ್ಯಮ, 25ರಿಂದ 36 ತುಸು ತೀವ್ರ, ಅದರಾಚೆ ತೀವ್ರ. ಸರಿಯಾಗಿ ಇಳಿಸುತ್ತಿರುವವರು ಮಧ್ಯಮಕ್ಕೆ ಹೋಗಲೇಬಾರದು. ಹೋದರೆ ಇಳಿಸಿದ ಅಳತೆ ದೊಡ್ಡದಾಯಿತು ಎಂದೇ ತಿಳಿಯಿರಿ.

ಬೇಧಿ, ವಾಂತಿಯಲ್ಲಿ ಭಯ ಪಡಬೇಕಾದದ್ದು ನೀರು ಲವಣ ಹೋಗುವುದಕ್ಕೆ. ಓಆರ್‌ಎಸ್ ಪೊಟ್ಟಣವೇ ಒಳ್ಳೆಯದು. ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಂದಾಜು ಬೇಡ. ವಾಂತಿ ಇದ್ದಾಗ ಲೋಟ ಎತ್ತಿ ಕುಡಿಯದೆ ಎರಡು ಮೂರು ನಿಮಿಷಕ್ಕೊಂದು ಚಮಚ ಕೊಡಿ.

ಬೇಧಿ ನಿಲ್ಲಿಸುವ ಲೋಪರಮೈಡ್ ಮೊದಲು 4 ಮಿ.ಗ್ರಾಂ., ಆಮೇಲೆ ಪ್ರತಿ ಸಲ ನೀರಾಗಿ ಹೋದ ಮೇಲೆ 2 ಮಿ.ಗ್ರಾಂ. ಡಾಕ್ಟರ್ ಹೇಳದೆ ದಿನಕ್ಕೆ 8 ಮಿ.ಗ್ರಾಂ. ದಾಟಬಾರದು. ಜ್ವರ ಅಥವಾ ಮಲದಲ್ಲಿ ರಕ್ತ ಇದ್ದರೆ ಬೇಡವೇ ಬೇಡ. ಇದೂ ಓಪಿಯಾಯ್ಡ್ ಜಾತಿಯದೇ ಎಂದು ಹತ್ತಿಪ್ಪತ್ತು ಮಾತ್ರೆ ಒಟ್ಟಿಗೆ ನುಂಗುವ ಸಲಹೆ ಅಲ್ಲಲ್ಲಿ ಓಡಾಡುತ್ತಿದೆ. ಅಷ್ಟು ಡೋಸಿನಲ್ಲಿ ಹೃದಯದ ಲಯ ತಪ್ಪಿ ಸತ್ತವರಿದ್ದಾರೆ, 2016ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ದಯವಿಟ್ಟು ಅದನ್ನು ಯಾರಿಗೂ ಹಂಚಬೇಡಿ.

ಬೆವರು, ಎದೆಬಡಿತ, ಚಡಪಡಿಕೆಗೆ ಕ್ಲೋನಿಡಿನ್. ಮೇಲೆ ಹೇಳಿದ ನೋರ್‌ಅಡ್ರಿನಲಿನ್ ಹರಿವನ್ನೇ ಅದು ತಗ್ಗಿಸುತ್ತದೆ. ಸಾಮಾನ್ಯವಾಗಿ 0.1ರಿಂದ 0.2 ಮಿ.ಗ್ರಾಂ., 6ರಿಂದ 8 ತಾಸಿಗೊಮ್ಮೆ, ಡಾಕ್ಟರ್ ಬರೆದರೆ ಮಾತ್ರ. ಪ್ರತಿ ಡೋಸಿಗೂ ಮುಂಚೆ ಬಿ.ಪಿ. ನೋಡಿ. ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ, ನಾಡಿ 50ಕ್ಕಿಂತ ಕಡಿಮೆ ಇದ್ದರೆ, ನಿಂತಾಗ ಕಣ್ಣು ಕತ್ತಲೆ ಬಂದರೆ ಆ ಡೋಸ್ ಕೊಡಬೇಡಿ. ಬೇಧಿಯಿಂದ ನೀರು ಹೋದವರಲ್ಲಿ ಬಿ.ಪಿ. ಇನ್ನೂ ಬೇಗ ಬೀಳುತ್ತದೆ. ಹಲವು ದಿನ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸಲೂ ಬಾರದು, ಬಿ.ಪಿ. ಜಿಗಿಯುತ್ತದೆ.

ಮೈಕೈ ನೋವಿಗೆ ಪ್ಯಾರಸಿಟಮಾಲ್. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇಲ್ಲದವರಿಗೆ ಊಟದ ನಂತರ ಐಬುಪ್ರೊಫೆನ್. ವಾಂತಿ ಬೇಧಿಯಿಂದ ನೀರು ಆರಿದ ದಿನಗಳಲ್ಲಿ ಐಬುಪ್ರೊಫೆನ್ ಕಿಡ್ನಿಗೆ ಭಾರ, ಅಂಥ ದಿನ ಬಿಡಿ.

ಕಾಳಜಿ
ರಾತ್ರಿ ಕಾಲುಗಳ ಸಂಕಟಕ್ಕೆ ಏನು ಮಾಡುವುದು? ನಾನು ನೋಡಿಕೊಳ್ಳುತ್ತಿರುವವರಿಗೆ ಮಲಗಿದ ಕೂಡಲೇ ಕಾಲು ಒದೆಯುವಂತಾಗುತ್ತದಂತೆ, ಇಟ್ಟಲ್ಲಿ ಇಡಲಾಗುವುದಿಲ್ಲ. ನಿದ್ದೆಗೆಂದು ಅಂಗಡಿಯಲ್ಲಿ ಕೇಳಿ ತಂದ ಡೈಫೆನ್‌ಹೈಡ್ರಮಿನ್ ಕೊಟ್ಟ ರಾತ್ರಿ ಇನ್ನೂ ಹೆಚ್ಚಾಯಿತು.

ಔಷಧಪೆಟ್ಟಿಗೆ
ಹೆಚ್ಚಾದದ್ದು ಬಹುಶಃ ಆ ಮಾತ್ರೆಯಿಂದಲೇ. ಮಂಪರು ತರುವ ಹಳೆಯ ಅಲರ್ಜಿ ಔಷಧಗಳು (ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಹೈಡ್ರಾಕ್ಸಿಜಿನ್) ಕಾಲಿನ ಚಡಪಡಿಕೆಯನ್ನು ಕೆರಳಿಸುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ. ವಾಂತಿಗೆ ಆಂಡನ್ಸೆಟ್ರಾನ್ ಈ ತೊಂದರೆ ಕೊಡುವುದಿಲ್ಲ, ಆದರೆ ಅದು ಹೃದಯದ ಕ್ಯುಟಿ ಅಂತರ (ಇಸಿಜಿಯಲ್ಲಿ ಕಾಣುವ ಒಂದು ಅಳತೆ) ಹಿಗ್ಗಿಸುತ್ತದೆ, ಅದರಿಂದ ಲಯ ತಪ್ಪಬಹುದು. ಮೆಥಡೋನ್ ತೆಗೆದುಕೊಳ್ಳುವವರಿಗೆ ಕೊಡುವ ಮುಂಚೆ ಡಾಕ್ಟರ್ ಇಸಿಜಿ ನೋಡಬೇಕಾಗಬಹುದು. ಟ್ರಮಡಾಲ್ ಇನ್ನೂ ನಡೆಯುತ್ತಿದ್ದರೆ ಆಂಡನ್ಸೆಟ್ರಾನನ್ನೂ ಕೇಳಿಯೇ ಕೊಡಿ.

ಮಲಗುವ ಮುಂಚೆ ಬಿಸಿನೀರಿನ ಸ್ನಾನ, ಮೀನಖಂಡ ಎಳೆದು ಹಿಡಿಯುವ ವ್ಯಾಯಾಮ, ಸಂಜೆ ಇಪ್ಪತ್ತು ನಿಮಿಷ ನಡಿಗೆ. ಕಾಫಿ ಟೀ ಮಧ್ಯಾಹ್ನದ ನಂತರ ಬೇಡ. ಕಬ್ಬಿಣಾಂಶ ಕಡಿಮೆ ಇದ್ದರೆ ಇದೇ ತೊಂದರೆ ಹೆಚ್ಚು, ಫೆರಿಟಿನ್ ಪರೀಕ್ಷೆ ಮಾಡಿಸಿ. ಗಾಬಪೆಂಟಿನ್, ಪ್ರಿಗಾಬಲಿನ್ ಕೆಲವೊಮ್ಮೆ ಬರೆಯುತ್ತಾರೆ, ಕೆಲಸವೂ ಮಾಡುತ್ತವೆ. ಓಪಿಯಾಯ್ಡ್ ಜೊತೆ ಸೇರಿದರೆ ಉಸಿರು ಕುಗ್ಗಬಹುದು ಎಂಬ ಎಚ್ಚರಿಕೆ 2019ರಿಂದ ಇದೆ, ಆದ್ದರಿಂದ ಬೇರೆಯವರ ಡಬ್ಬಿಯಿಂದ ಕಡ ತರುವ ಔಷಧ ಇದಲ್ಲ.

ಇರುಳುಪಾಳಿ
ನಿದ್ದೆ ಬಾರದಿದ್ದರೂ ಏಳುವ ಹೊತ್ತು ಮಾತ್ರ ಬದಲಿಸಬೇಡಿ. ಮಲಗುವ ಹೊತ್ತಿಗಿಂತ ಅದು ಮುಖ್ಯ.

ತಿಳಿನೀರು
ಒಂದು ಭಿನ್ನ ಅಭಿಪ್ರಾಯ. ತಿಂಗಳಿಗೆ ಶೇ. 10 ಎಂದರೆ ವರ್ಷ ದಾಟುತ್ತದೆ. ವಿತ್‌ಡ್ರಾಯಲ್‌ನಿಂದ ಯಾರೂ ಸಾಯುವುದಿಲ್ಲ ಎನ್ನುತ್ತಾರೆ. ಒಂದು ವಾರ ಹಲ್ಲು ಕಚ್ಚಿ ಕೂತರೆ ಮುಗಿಯಿತಲ್ಲ, ಯಾಕೆ ಎಳೆಯಬೇಕು?

ನೋವುವಿಭಾಗ
"ಸಾಯುವುದಿಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಾಂತಿ ಬೇಧಿ ನಿಲ್ಲದೆ, ನೀರು ಕೊಡುವವರಿಲ್ಲದೆ, ಸೋಡಿಯಂ ಏರುಪೇರಾಗಿ ಸತ್ತವರಿದ್ದಾರೆ. ಹೃದ್ರೋಗಿಗಳಿಗೆ ಆ ಎದೆಬಡಿತವೇ ಸಾಕು. ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ, ಒಮ್ಮೆಲೇ ನಿಲ್ಲಿಸಿದವರಲ್ಲಿ ತಡೆಯಲಾಗದ ನೋವು, ಮಾನಸಿಕ ಯಾತನೆ, ಆತ್ಮಹತ್ಯೆ ಕಂಡುಬಂದಿವೆ ಎಂದು ಸ್ಪಷ್ಟವಾಗಿ ಬರೆದಿದೆ.

ಆದರೆ ನಿಮ್ಮ ಮಾತಿನಲ್ಲಿ ಒಂದು ನಿಜವಿದೆ: ಎಲ್ಲರಿಗೂ ವರ್ಷ ಬೇಕಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಮೂರು ದಿನಕ್ಕಿಂತ ಹೆಚ್ಚು, ಒಂದು ವಾರಕ್ಕಿಂತ ಕಡಿಮೆ ಹೊತ್ತುಹೊತ್ತಿಗೆ ತೆಗೆದುಕೊಂಡಿದ್ದರೆ ಎರಡು ದಿನ ಅರ್ಧ ಡೋಸ್, ಆಮೇಲೆ ನಿಲ್ಲಿಸಬಹುದು. ಒಂದು ವಾರದಿಂದ ಒಂದು ತಿಂಗಳು ಆಗಿದ್ದರೆ ಎರಡು ದಿನಕ್ಕೊಮ್ಮೆ ಸುಮಾರು ಶೇ. 20.

ಮನೆಯಲ್ಲಿ ಪ್ರಯತ್ನಿಸಲೇಬಾರದವರು: ಗರ್ಭಿಣಿಯರು (ಒಮ್ಮೆಲೇ ನಿಲ್ಲಿಸಿದರೆ ಅಕಾಲಿಕ ಹೆರಿಗೆಯ ಅಪಾಯ, ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಎಂಬ ಇನ್ನೊಂದು ಓಪಿಯಾಯ್ಡ್ ಮೇಲಿಡುವುದೇ ವಾಡಿಕೆ), ಹೃದಯದ ಕಾಯಿಲೆ ಇರುವವರು, ಫಿಟ್ಸ್ ಇರುವವರು, ಸಾಯಬೇಕೆನಿಸುವ ಯೋಚನೆ ಬರುತ್ತಿರುವವರು, ಜೊತೆಗೆ ಮದ್ಯ ಅಥವಾ ಆಲ್ಪ್ರಜೋಲಮ್, ಡಯಜಿಪಾಮ್, ಕ್ಲೋನಜಿಪಾಮ್ ತೆಗೆದುಕೊಳ್ಳುವವರು. ಮದ್ಯ ಮತ್ತು ಈ ನಿದ್ದೆಮಾತ್ರೆಗಳ ವಿತ್‌ಡ್ರಾಯಲ್‌ನಲ್ಲಿ ಫಿಟ್ಸ್ ಬರುತ್ತದೆ. ಎರಡನ್ನೂ ಒಟ್ಟಿಗೆ ಇಳಿಸಬೇಡಿ, ಯಾವುದು ಮೊದಲು ಎಂದು ಡಾಕ್ಟರ್ ತೀರ್ಮಾನಿಸಲಿ.

ಅರಿವಳಿಕೆ ಕೊಟ್ಟು ಒಂದೇ ದಿನದಲ್ಲಿ ಶುದ್ಧ ಮಾಡುತ್ತೇವೆ ಎನ್ನುವ ಜಾಹೀರಾತು ನೋಡಿದರೆ ದೂರವಿರಿ. ಅದರಲ್ಲಿ ಸಾವುಗಳಾಗಿವೆ, ವಿತ್‌ಡ್ರಾಯಲ್ ಎದ್ದ ಮೇಲೂ ಇರುತ್ತದೆ.

ಇರುಳುಪಾಳಿ
ತಿಳಿನೀರು ಅವರೇ, ವಾರದ ನಂತರ ಆಗುವುದೇ ನನಗೆ ಹೆಚ್ಚು ಭಯ. ಹಲ್ಲು ಕಚ್ಚಿ ಕೂತವರು ಏಳೆಂಟನೇ ದಿನ ತಡೆಯಲಾರದೆ ಹಳೆಯ ಡೋಸನ್ನೇ ನುಂಗುತ್ತಾರೆ. ದೇಹ ಔಷಧವನ್ನು ತಾಳಿಕೊಳ್ಳುವ ಶಕ್ತಿ ಅಷ್ಟರಲ್ಲಿ ಇಳಿದಿರುತ್ತದೆ. ಮೊದಲು ಏನೂ ಮಾಡದ ಡೋಸ್ ಈಗ ಉಸಿರು ನಿಲ್ಲಿಸುತ್ತದೆ. ನಿಧಾನವಾಗಿ ಇಳಿಸಿದವರಿಗೂ ಇದೇ ಎಚ್ಚರಿಕೆ: 200ರಿಂದ 60ಕ್ಕೆ ಬಂದವರು ಒಂದು ಕೆಟ್ಟ ರಾತ್ರಿ 200ಕ್ಕೆ ಹೋಗಬಾರದು.

ಮನೆಯಲ್ಲಿ ನಲೊಕ್ಸೋನ್ (ಓಪಿಯಾಯ್ಡ್ ಅತಿಯಾದಾಗ ಅದರ ಪರಿಣಾಮ ತಡೆಯುವ ಔಷಧ) ಇರಲಿ, ಸಿಗುವ ಕಡೆ 4 ಮಿ.ಗ್ರಾಂ. ಮೂಗಿನ ಸ್ಪ್ರೇ. ಎಬ್ಬಿಸಿದರೆ ಏಳದಿದ್ದರೆ, ಉಸಿರು ತೀರ ನಿಧಾನವಾಗಿದ್ದರೆ, ಗೊರಗೊರ ಶಬ್ದ, ತುಟಿ ನೀಲಿ, ಕಣ್ಣಪಾಪೆ ಸೂಜಿಮೊನೆಯಷ್ಟು ಕಂಡರೆ: ಆಂಬುಲೆನ್ಸ್ ಕರೆಯಿರಿ, ಒಂದು ಹೊಳ್ಳೆಗೆ ಸ್ಪ್ರೇ, ಬಾಯಿಗೆ ಬಾಯಿಟ್ಟು ಉಸಿರು. 2–3 ನಿಮಿಷದಲ್ಲಿ ಏನೂ ಆಗದಿದ್ದರೆ ಇನ್ನೊಂದು ಹೊಳ್ಳೆಗೆ ಮತ್ತೊಂದು. ಎಚ್ಚರವಾದರೆ ಮಗ್ಗುಲಿಗೆ ಮಲಗಿಸಿ. ನಲೊಕ್ಸೋನ್ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ, ನುಂಗಿದ ಔಷಧ ಇನ್ನೂ ಒಳಗಿರುತ್ತದೆ. ಎದ್ದು ಕೂತರು ಎಂದು ಆಸ್ಪತ್ರೆ ಬಿಡಬೇಡಿ. ಸ್ಪ್ರೇ ಎಲ್ಲಿದೆ ಎಂಬುದು ಮನೆಯ ಇತರರಿಗೆ ಗೊತ್ತಿರಬೇಕು, ಬೇಕಾದವರೇ ಅದನ್ನು ಹಾಕಿಕೊಳ್ಳಲಾರರು.

ಕಾಳಜಿ
ಚರ್ಮಕ್ಕೆ ಅಂಟಿಸುವ ಫೆಂಟನಿಲ್ (ಪ್ರಬಲ ಓಪಿಯಾಯ್ಡ್) ಪಟ್ಟಿ ಹಚ್ಚುವವರಿಗೂ ಇದೇ ಲೆಕ್ಕವೇ? ಬುಪ್ರೆನಾರ್ಫಿನ್‌ಗೆ ಬದಲಾಯಿಸಿದರೆ ಸುಲಭ ಎಂದೂ ಕೇಳಿದ್ದೇನೆ.

ನೋವುವಿಭಾಗ
ಪಟ್ಟಿಯಲ್ಲಿ ಮೆಟ್ಟಿಲುಗಳೇ ದೊಡ್ಡವು: ತಾಸಿಗೆ 100, 75, 50, 25, 12 ಮೈಕ್ರೋಗ್ರಾಂ. 25ರಿಂದ 12 ಎಂದರೆ ಅರ್ಧ. ಪಟ್ಟಿ ಕತ್ತರಿಸಬೇಡಿ, ಅದರ ಮೇಲೆ ಬಿಸಿ ಶಾಖವೂ ಬೇಡ. ಬಿಸಿಗೆ ಔಷಧ ಹೆಚ್ಚು ಇಳಿಯುತ್ತದೆ, ಮೇಲೆ ಹೇಳಿದ ಬಿಸಿನೀರಿನ ಸ್ನಾನ ಪಟ್ಟಿ ಹಚ್ಚಿದವರಿಗಲ್ಲ. ಪಟ್ಟಿ ತೆಗೆದ ಮೇಲೂ ಚರ್ಮದಡಿ ಸಂಗ್ರಹ ಇರುತ್ತದೆ, ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 17 ತಾಸು. "ಮೊದಲ ದಿನ ಏನೂ ಆಗಲಿಲ್ಲ" ಎಂದು ಮೋಸ ಹೋಗಬೇಡಿ.

ಬುಪ್ರೆನಾರ್ಫಿನ್ ಒಳ್ಳೆಯ ದಾರಿ, ಇಳಿಸುವುದು ಪದೇ ಪದೇ ಕೈಕೊಡುವವರಿಗೆ ವಿಶೇಷವಾಗಿ. ಅದು ಗ್ರಾಹಕವನ್ನು (ಜೀವಕೋಶದಲ್ಲಿ ಓಪಿಯಾಯ್ಡ್ ಅಂಟುವ ಜಾಗ) ಗಟ್ಟಿಯಾಗಿ ಹಿಡಿದು ಅರ್ಧ ಬಲದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಹಳೆಯ ಔಷಧ ಇನ್ನೂ ತುಂಬಿರುವಾಗ ಕೊಟ್ಟರೆ ಅದನ್ನು ಒದ್ದು ಹೊರಹಾಕಿ ನಿಮಿಷಗಳಲ್ಲಿ ತೀವ್ರ ವಿತ್‌ಡ್ರಾಯಲ್ ತರುತ್ತದೆ. ಬೇಗ ಇಳಿಯುವ ಔಷಧದ ನಂತರ 12ರಿಂದ 24 ತಾಸು ಕಾದು, ವಿತ್‌ಡ್ರಾಯಲ್ ಸ್ಪಷ್ಟವಾಗಿ ಶುರುವಾದ ಮೇಲೆ 2ರಿಂದ 4 ಮಿ.ಗ್ರಾಂ. ನಾಲಿಗೆಯಡಿ. ಮೆಥಡೋನ್ ಆದರೆ ಇನ್ನೂ ಹೆಚ್ಚು ಕಾಯಬೇಕು. ಇದು ಡಾಕ್ಟರ್ ಕಣ್ಣೆದುರು ಶುರುವಾಗಬೇಕಾದ ಔಷಧ.

ಮೆಲ್ಲನಡೆ
ಕೊನೆಯ ಪ್ರಶ್ನೆ. ನಡುವೆ ಎಲ್ಲೋ ಸಿಕ್ಕಿಕೊಂಡರೆ ಮೇಲೆ ಹೋಗಬೇಕೇ?

ನೋವುವಿಭಾಗ
ನಿಲ್ಲಿ. ಅದೇ ಡೋಸಿನಲ್ಲಿ ಎರಡು ತಿಂಗಳು ನಿಂತರೂ ಇಳಿದದ್ದು ಇಳಿದದ್ದೇ. ಮತ್ತೆ ಹೊರಡುವಾಗ ಶೇ. 10 ಬದಲು ಶೇ. 5 ಮಾಡಿ. ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಿ ಒಂದು ಮೆಟ್ಟಿಲು ಮಾತ್ರ ಹಿಂದೆ ಹೋಗಬಹುದು. ಮದುವೆ, ಪ್ರಯಾಣ, ಪರೀಕ್ಷೆ, ಸಾವುನೋವಿನ ವಾರಗಳಲ್ಲಿ ಇಳಿಸಬೇಡಿ.

ಡೋಸ್ ಇಳಿದಂತೆ ಲೈಂಗಿಕ ಹಾರ್ಮೋನುಗಳು ಮರಳುತ್ತವೆ. ನಿಂತಿದ್ದ ಮುಟ್ಟು ಶುರುವಾಗಬಹುದು, ಗರ್ಭ ನಿಲ್ಲುವ ಸಾಧ್ಯತೆಯೂ. ಬೇಡವಾದವರು ಮೊದಲೇ ಯೋಚಿಸಿ. ಇದನ್ನು ಹೇಳುವವರು ಕಡಿಮೆ.

ಔಷಧಪೆಟ್ಟಿಗೆ
ಹನಿಗೆ ಬದಲಾದ ಮೇಲೆ ಮನೆಯಲ್ಲಿ ಉಳಿಯುವ ಕ್ಯಾಪ್ಸೂಲ್‌ಗಳ ವಿಷಯ ಯಾರೂ ಕೇಳಲಿಲ್ಲ. ಅವು ಕೈಗೆಟುಕುವಲ್ಲಿ ಇರಬಾರದು, ಆ ಕೆಟ್ಟ ರಾತ್ರಿಗೆ ಸಿಗುವುದು ಅವೇ. ಹಿಂದಕ್ಕೆ ತೆಗೆದುಕೊಳ್ಳುವ ಔಷಧಿ ಅಂಗಡಿ ಇದ್ದರೆ ಕೊಟ್ಟುಬಿಡಿ. ಇನ್ನೂ ಬೇಕಾದವನ್ನು ಬೀಗ ಹಾಕಿ, ಬೀಗದ ಕೈ ಮನೆಯ ಇನ್ನೊಬ್ಬರ ಬಳಿ ಇರಲಿ. ಒಂದು ವಾರಕ್ಕೆ ಬೇಕಾದಷ್ಟನ್ನು ಅವರೇ ಎಣಿಸಿ ಕೊಡಲಿ. ಬಳಸಿದ ಫೆಂಟನಿಲ್ ಪಟ್ಟಿಯಲ್ಲೂ ಮಗುವನ್ನು ಕೊಲ್ಲುವಷ್ಟು ಔಷಧ ಉಳಿದಿರುತ್ತದೆ, ಅಂಟು ಒಳಗೆ ಬರುವಂತೆ ಮಡಚಿ ಕೂಡಲೇ ವಿಲೇವಾರಿ ಮಾಡಿ. ನಲೊಕ್ಸೋನ್ ಸ್ಪ್ರೇ ಮಾತ್ರ ಕೊನೆಯ ಡೋಸ್ ಮುಗಿದ ಮೇಲೂ ಇಟ್ಟುಕೊಳ್ಳಿ, ಡಬ್ಬಿಯ ಮೇಲಿನ ಅವಧಿ ಮುಗಿಯುವವರೆಗೆ.